‘ಬರಲ್ಲ’ ಅನ್ನೋ ಮಾತಿನ ಚರಿತ್ರೆ

2007ರ ನವೆಂಬರ್. ಕೆಲಸದ ಮೇಲೆ ಲಂಡನ್ನಿಗೆ ಹೋಗಿ ಹದಿನೈದು ದಿನ ಆಗಿತ್ತು. ರಾತ್ರಿ ಹನ್ನೊಂದು ಗಂಟೆ, ಸೋನೆ ಮಳೆ, ಕೈಯಲ್ಲಿ ಛತ್ರಿ ಇಲ್ಲ. ದೂರದಿಂದ ಒಂದು ಕರಿ ಟ್ಯಾಕ್ಸಿ ಬಂತು, ನೆತ್ತಿ ಮೇಲೆ ದೀಪ ಉರೀತಿತ್ತು. ಹುಣಸೂರು ಬಸ್ ಸ್ಟ್ಯಾಂಡಿನ ಅಭ್ಯಾಸ ಬಿಡುತ್ತಾ? ರಸ್ತೆಗೇ ಇಳಿದು ಎರಡೂ ಕೈ ಬೀಸಿದೆ. ನಿಲ್ಲಿಸಿದ. ಕಿಟಕಿ ಇಳಿಸಿ ಎಲ್ಲಿಗೆ ಅಂತ ಕೇಳಿದ, ಹೇಳಿದೆ. ಆ ಕಡೆ ಬರಲ್ಲ, ಮನೆಗೆ ಹೋಗ್ತಿದೀನಿ ಅಂದವನೇ ಹೊರಟುಹೋದ.

ಸಿಟ್ಟಿಗಿಂತ ನಗು ಬಂತು ನೋಡಿ. ಏಳು ಸಮುದ್ರ ದಾಟಿ ಬಂದರೂ ಅದೇ ‘ಬರಲ್ಲ’! ಮೆಜೆಸ್ಟಿಕ್ಕಿನಲ್ಲಿ ‘ಗ್ಯಾಸ್ ಇಲ್ಲ ಸಾರ್’, ಇಲ್ಲಿ ‘ಮನೆಗೆ ಹೋಗ್ತಿದೀನಿ’. ಭಾಷೆ ಬೇರೆ, ನೆಪ ಅದೇ.

ಮಾರನೇ ದಿನ ಆಫೀಸಿನಲ್ಲಿ ಹೇಳಿಕೊಂಡರೆ, ಅಲ್ಲಿಯವನೇ ಆದ ಸಹೋದ್ಯೋಗಿಯೊಬ್ಬ ‘ಅವನು ನಿಲ್ಲಿಸಿದ ಮೇಲೆ ಹಾಗೆ ಹೇಳೋ ಹಾಗಿಲ್ಲ, ನಂಬರ್ ಬರ್ಕೊಂಡ್ಯಾ?’ ಅಂತ ಕೇಳಿದ. ಬಾಡಿಗೆ ಗಾಡಿಯವನು ಬರಲ್ಲ ಅನ್ನೋದು ಅಪರಾಧ ಅನ್ನೋದೇ ನನಗೆ ಹೊಸ ವಿಷಯ. ಅವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಓದುತ್ತಾ ಓದುತ್ತಾ ಕೊನೆಗೆ ಬಂದು ನಿಂತದ್ದು ನಮ್ಮ ಮನೆ ಅಂಗಳದಲ್ಲೇ. ಅದಕ್ಕೇ ಇದನ್ನು ಬರೀತಿದೀನಿ.

ಮೊದಲು ಲಂಡನ್ ಕತೆ. ಬಾಡಿಗೆ ಕುದುರೆ ಗಾಡಿಗಳಿಗೆ ಅಲ್ಲಿ ಹ್ಯಾಕ್ನಿ ಅಂತ ಹೆಸರು. 17ನೇ ಶತಮಾನದಲ್ಲೇ ಅವು ಎಷ್ಟು ಹೆಚ್ಚಿದವು ಅಂದರೆ, 1662ರಲ್ಲಿ ಕಾನೂನು ಮಾಡಿ 400 ಗಾಡಿಗಳಿಗೆ ಮಾತ್ರ ಲೈಸೆನ್ಸ್ ಕೊಟ್ಟರು. 1831ರ ಕಾಯ್ದೆಯಲ್ಲಿ ಇನ್ನೊಂದು ಮಾತು ಸೇರಿತು: ಐದು ಮೈಲಿಯೊಳಗೆ ಎಲ್ಲಿಗೆ ಕರೆದರೂ ಗಾಡಿಯವನು ಹೋಗಲೇಬೇಕು. 1853ರಲ್ಲಿ ಅದು ಆರು ಮೈಲಿ ಆಯ್ತು. ಈಗ 12 ಮೈಲಿ, ಹೀಥ್ರೂ ವಿಮಾನ ನಿಲ್ದಾಣದಿಂದ ಹೊರಟರೆ 20 ಮೈಲಿ.

ಇದರ ಲೆಕ್ಕಾಚಾರ ಸರಳ. ಸರ್ಕಾರ ಗಾಡಿಯವನಿಗೆ, ‘ರಸ್ತೆಯಲ್ಲಿ ಕೈ ತೋರಿಸಿದವರನ್ನು ಹತ್ತಿಸಿಕೊಳ್ಳೋ ಹಕ್ಕು ನಿನಗೇ, ಬೇರೆಯವರು ಬಂದು ನಿನ್ನ ಹೊಟ್ಟೆ ಮೇಲೆ ಹೊಡೆಯಲ್ಲ’ ಅಂತ ಹೇಳುತ್ತೆ. ಅದರ ಬದಲಿಗೆ ಅವನು ಒಪ್ಪಿಕೊಳ್ಳಬೇಕಾದ್ದು ಒಂದೇ, ಮುಖ ನೋಡಿ ಆರಿಸೋ ಹಾಗಿಲ್ಲ. ಲೈಸೆನ್ಸ್ ಅಂದರೆ ಈ ಒಪ್ಪಂದ. ಜಗಳ ಉಳಿದದ್ದು ದುಡ್ಡಿನದು. ಅದಕ್ಕೆ 1891ರಲ್ಲಿ ಬ್ರೂನ್ ಅನ್ನೋ ಜರ್ಮನಿಯವನು ಟ್ಯಾಕ್ಸಿಮೀಟರ್ ಕಂಡುಹಿಡಿದ. ಲಂಡನ್ನಿನಲ್ಲಿ 1907ರಿಂದ ಅದು ಕಡ್ಡಾಯ. ಟ್ಯಾಕ್ಸಿ ಅನ್ನೋ ಹೆಸರೂ ಆ ಮೀಟರಿನಿಂದಲೇ ಬಂದದ್ದು.

ಇನ್ನು ನಮ್ಮ ಕಡೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ, ಈ ನಾಲ್ಕೂ ತಾಲ್ಲೂಕುಗಳಲ್ಲಿ ನನ್ನ ನೆಂಟರಿದ್ದಾರೆ, ನಾಲ್ಕು ಕಡೆಯೂ ಓಡಾಡಿದ್ದೇನೆ. ಎಲ್ಲೂ ಮೀಟರ್ ನೋಡಿ ದುಡ್ಡು ಕೊಟ್ಟ ನೆನಪಿಲ್ಲ. ಹಾಗಂತ ಬಾಡಿಗೆ ಗಾಡಿ ನಮಗೆ ಹೊಸದೇನಲ್ಲ. ಹುಣಸೂರು ಮೈಸೂರಿನಿಂದ ಕೊಡಗಿಗೆ ಹೋಗೋ ದಾರಿಯ ಊರು. 19ನೇ ಶತಮಾನದಲ್ಲಿ ಅಲ್ಲಿ ಸೈನ್ಯಕ್ಕೆ ಚರ್ಮದ ಸಾಮಾನು ಮಾಡೋ ಕಾರ್ಖಾನೆ, ಮರದ ಡಿಪೋ ಇದ್ದವು. ಅವು ಮುಚ್ಚಿದ ಮೇಲೂ ಊರಿನ ಕೈಕಸುಬು ಉಳಿಯಿತು. ಎತ್ತಿನ ಗಾಡಿ ಕಟ್ಟೋದರಲ್ಲಿ ಹುಣಸೂರಿಗೆ ಹೆಸರಿತ್ತು. ಕೊಡಗಿನ ಕಾಫಿ ಹದ ಮಾಡೋದಕ್ಕೆ ಗಾಡಿ ಮೇಲೇ ಇಲ್ಲಿಗೆ ಇಳಿಯುತ್ತಿತ್ತು.

ನಾಲ್ಕರಲ್ಲಿ ರೈಲು ಕಂಡದ್ದು ಹಿಂದೆ ಯಡತೊರೆ ಅಂತಿದ್ದ ಕೆ.ಆರ್.ನಗರ ಮಾತ್ರ, ಮೈಸೂರು-ಅರಸೀಕೆರೆ ಮಾರ್ಗದಲ್ಲಿ. ಮಿಕ್ಕ ಮೂರಕ್ಕೆ ಇವತ್ತಿಗೂ ರೈಲಿಲ್ಲ. ಅಲ್ಲೆಲ್ಲ ಎತ್ತಿನ ಗಾಡಿ, ಜಟಕಾ, ಆಮೇಲೆ ಖಾಸಗಿ ಬಸ್ಸು. ಎರಡನೇ ಮಹಾಯುದ್ಧದ ಕಾಲಕ್ಕೆ ಪೆಟ್ರೋಲ್ ಸಿಗದೆ ಹಿಂದೆ ಒಲೆ ಕಟ್ಟಿಕೊಂಡು ಇದ್ದಿಲಿನ ಬಸ್ಸುಗಳು ಓಡಿದವು. 1948ರ ಸೆಪ್ಟೆಂಬರ್ 12ಕ್ಕೆ ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯ್ತು. ಅದೇ ಮುಂದೆ ಕೆಎಸ್‌ಆರ್‌ಟಿಸಿ ಆದದ್ದು.

ಸರ್ಕಾರಿ ಬಸ್ಸು ಹೋಗದ ಹಳ್ಳಿಗಳಿಗೆ ಜೀಪು, ಟೆಂಪೋ, ಆಟೋ. ಇವುಗಳದ್ದು ಮೀಟರಿಲ್ಲದ ಕಾನೂನು. ನಿಮ್ಮೂರಲ್ಲೂ ಇದೇ ಇರಬಹುದು: ಸೀಟು ತುಂಬಿದ ಮೇಲೇ ಹೊರಡೋದು, ಎಷ್ಟು ತುಂಬಿದರೆ ತುಂಬಿದ ಹಾಗೆ ಅಂತ ಮಾತ್ರ ಯಾರೂ ಕೇಳೋ ಹಾಗಿಲ್ಲ :) ಕ್ಲೀನರ್ ಹುಡುಗ ‘ಪಿರಿಯಾಪಟ್ಣ ಪಿರಿಯಾಪಟ್ಣ’ ಅಂತ ಕೂಗ್ತಾ ಇರ್ತಾನೆ. ತಲೆಗೆ ಇಷ್ಟು ಅಂತ ಊರಿಗೆಲ್ಲ ಗೊತ್ತಿರೋ ರೇಟು, ಮೂಟೆಗೆ ಬೇರೆ. ದುಡ್ಡು ಇಳಿಯೋವಾಗ. ಬಸುರಿ ಹೆಂಗಸು ಬಂದರೆ ಮುಂದಿನ ಸೀಟು ಬಿಡಬೇಕು. ಚುಂಚನಕಟ್ಟೆ ಜಾತ್ರೆಗೆ, ತಂಬಾಕು ಹರಾಜಿನ ಕಾಲಕ್ಕೆ ರೇಟು ಏರುತ್ತೆ, ಅದಕ್ಕೆ ಯಾರೂ ತಕರಾರು ಮಾಡಲ್ಲ. ಕುಶಾಲನಗರದಲ್ಲಿ ಇಳಿದು ಬೈಲಕುಪ್ಪೆಯ ಟಿಬೆಟನ್ನರ ಗುಡಿಗೆ ಹೋಗೋ ಪ್ರವಾಸಿಗಳು, ತಲೆಗೆಷ್ಟು, ಇಡೀ ಆಟೋಗೆ ಎಷ್ಟು ಅಂತ ಹತ್ತೋ ಮುಂಚೆಯೇ ಕೇಳಿಕೊಳ್ಳೋದೂ ಇದೇ ಕಾನೂನಿನ ಪಾಠ.

ಲಂಡನ್ನಿನಿಂದ ವಾಪಸ್ ಬಂದ ಹೊಸದರಲ್ಲಿ ನಾನು ಇದನ್ನೆಲ್ಲ ಬಹಳ ಹೊಗಳ್ತಿದ್ದೆ. ಅವರಿಗೆ ಕಾಯ್ದೆ ಬೇಕಾಯ್ತು, ನಮಗೆ ಊರಿನ ಮಾತೇ ಸಾಕಾಯ್ತು, ನಮ್ಮಲ್ಲಿ ಬರಲ್ಲ ಅಂತ ಯಾರೂ ಹೇಳ್ತಿರಲಿಲ್ಲ ಅಂತ. ಒಂದು ಸಲ ಊಟದ ಹೊತ್ತಲ್ಲಿ ಇದೇ ಭಾಷಣ ಬಿಗೀತಿದ್ದಾಗ ಅಮ್ಮ ಬಡಿಸೋ ಕೈ ನಿಲ್ಲಿಸಿ, ‘ನಿಮ್ಮ ಚಿಕ್ಕಪ್ಪ ಹೇಳಿರಲಿಲ್ವೇನೋ?’ ಅಂದರು.

ನೆನಪಿತ್ತು. ನೆನಪಿಲ್ಲದವನ ಹಾಗೆ ಇದ್ದೆ ಅಷ್ಟೆ.

ಚಿಕ್ಕಪ್ಪನದ್ದು ಡೀಸೆಲ್ ಅಂಬಾಸಿಡರ್. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸ್ತಿದ್ದರು, ರಾತ್ರಿ ಹಳ್ಳಿಗೆ ತರ್ತಿದ್ದರು. ಎಂಥಾ ಹೊತ್ತಲ್ಲಿ ಕರೆದರೂ ಬರ್ತಾರೆ ಅಂತ ಸುತ್ತ ಹತ್ತೂರಲ್ಲಿ ಹೆಸರು. ದುಡ್ಡು ಇಲ್ಲ ಅಂದರೆ ಸುಗ್ಗಿಗೆ ಕೊಡಿ ಅನ್ನೋರು. 1989ರ ಮಳೆಗಾಲ, ನನಗೆ ಹತ್ತು ವರ್ಷ. ನಡುರಾತ್ರಿ ಕೇರಿಯಿಂದ ಇಬ್ಬರು ಬಂದು ಅಂಗಳದಾಚೆ ನಿಂತರು. ವಯಸ್ಸಾದವರು ಕೂಗಿದರು, ‘ಬುದ್ದೀ, ಸೊಸೆಗೆ ನೋವು ಕಾಣಿಸ್ಕಂಡದೆ, ಸಂಜೆಯಿಂದ ಹಂಗೇ ಅದೆ. ಹುಣಸೂರು ಆಸ್ಪತ್ರೆಗಂಟ ಬಿಟ್ಕೊಡಿ. ಬಾಡಿಗೆ ಕೈಲೇ ಅದೆ.’

ಚಿಕ್ಕಪ್ಪ ಜಗಲಿಯಿಂದ ಇಳೀಲಿಲ್ಲ. ಒಂದು ಗಳಿಗೆ ಸುಮ್ಮನಿದ್ದು ‘ಡೀಸೆಲ್ ಇಲ್ಲ ಕಣೋ’ ಅಂದರು.

ಅವರು ಇನ್ನೊಂದು ಸಲ ಕೇಳಲಿಲ್ಲ. ಎತ್ತಿನ ಗಾಡಿ ಹೂಡಿಕೊಂಡು ಹೋದರು ಅಂತ ಆಮೇಲೆ ಗೊತ್ತಾಯ್ತು. ಬೆಳಿಗ್ಗೆ ಅದೇ ಕಾರಲ್ಲಿ ಚಿಕ್ಕಪ್ಪ ಮೈಸೂರಿಗೆ ಹೊರಟರು, ದಸರಾ ರಜೆಗೆ ಮುಂಚೆ ನನಗೆ ಬಟ್ಟೆ ಕೊಡಿಸೋಕೆ ನನ್ನನ್ನೂ ಕೂರಿಸಿಕೊಂಡರು. ದಾರಿಯಲ್ಲಿ ಎಲ್ಲೂ ಡೀಸೆಲ್ ಹಾಕಿಸಲಿಲ್ಲ. ನಾನು ಮುಂದಿನ ಸೀಟಲ್ಲಿ ಕೂತು ಆ ಮುಳ್ಳನ್ನೇ ನೋಡ್ತಿದ್ದೆ. ಅರ್ಧಕ್ಕಿಂತ ಮೇಲಿತ್ತು. ತಾಯಿ ಬದುಕಿದಳು. ಮಗು ಉಳೀಲಿಲ್ಲ.

ಇದಕ್ಕೂ ಲಂಡನ್ ಟ್ಯಾಕ್ಸಿಗೂ ಏನು ಸಂಬಂಧ ಅಂತ ಕೇಳಬಹುದು. ಇದೆ. ಅಂಬೇಡ್ಕರ್ ಅವರು ತಮ್ಮ ಬದುಕಿನ ಕೆಲವು ಪ್ರಸಂಗಗಳನ್ನು ಬರೆದಿಟ್ಟಿದ್ದಾರೆ. ಅದರಲ್ಲಿ ಎರಡು ಬಾಡಿಗೆ ಗಾಡಿಯವೇ. 1901ರಲ್ಲಿ ಹುಡುಗ ಭೀಮರಾವ್, ಅಣ್ಣ, ಅಕ್ಕನ ಮಕ್ಕಳು ತಂದೆಯನ್ನು ನೋಡೋಕೆ ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಜಾತಿ ಗೊತ್ತಾಗುತ್ತಲೂ ಗಾಡಿಯವರೆಲ್ಲ ಬರಲ್ಲ ಅಂದರು. ಕೊನೆಗೆ ಒಬ್ಬ ಒಪ್ಪಿದ. ಬಾಡಿಗೆ ಎರಡರಷ್ಟು, ಗಾಡಿ ಹೊಡೆಯೋದು ಮಕ್ಕಳೇ, ಅವನು ಪಕ್ಕದಲ್ಲಿ ನಡೆದು ಬರ್ತಾನೆ. 1929ರಲ್ಲಿ ಅವರು ಬ್ಯಾರಿಸ್ಟರ್, ಬೊಂಬಾಯಿ ಸರ್ಕಾರದ ಸಮಿತಿಯ ಸದಸ್ಯರು. ಚಾಳೀಸಗಾಂವದಲ್ಲಿ ಟಾಂಗಾದವರು ಆಗಲೂ ಬರಲ್ಲ ಅಂದರು. ಗಾಡಿ ಮಾತ್ರ ಬಾಡಿಗೆಗೆ ಸಿಕ್ಕಿತು. ಅವರ ಜನರಲ್ಲೇ ಒಬ್ಬರು ಅಭ್ಯಾಸವಿಲ್ಲದೆ ಅದನ್ನು ಹೊಡೆದು, ಮೋರಿ ಮೇಲೆ ಚಕ್ರ ಸಿಕ್ಕಿಕೊಂಡು, ಅಂಬೇಡ್ಕರ್ ಕೆಳಗೆ ಬಿದ್ದು ಕಾಲು ಮುರಿದುಕೊಂಡರು. 28 ವರ್ಷದಲ್ಲಿ ಅವರು ಎಲ್ಲಿಂದ ಎಲ್ಲಿಗೋ ಹೋಗಿದ್ದರು. ‘ಬರಲ್ಲ’ ಮಾತ್ರ ಇದ್ದಲ್ಲೇ ಇತ್ತು.

1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ, ಸಾರ್ವಜನಿಕ ವಾಹನ ಹತ್ತದಂತೆ ತಡೆಯೋದನ್ನೂ ಅಪರಾಧ ಅಂತ ಹೇಳಿತು. ನಮ್ಮ ಜಗಲಿಯ ‘ಡೀಸೆಲ್ ಇಲ್ಲ’ ಅದಕ್ಕೂ 34 ವರ್ಷ ಆದಮೇಲಿನದು. ಕಾಯ್ದೆ ಬಂದ ಮೇಲೆ ಜಾತಿ ಅಂತ ಬಾಯಿಬಿಟ್ಟು ಹೇಳೋದು ನಿಂತಿತು, ನೆಪ ಶುರುವಾಯ್ತು.

ಬೇರೆ ದೇಶದವರು ಇದರಲ್ಲಿ ದೊಡ್ಡವರೇನಲ್ಲ. 1999ರಲ್ಲಿ ನ್ಯೂಯಾರ್ಕಿನಲ್ಲಿ ನಟ ಡ್ಯಾನಿ ಗ್ಲೋವರ್, ತಾನು ಕಪ್ಪು ಬಣ್ಣದವನು ಅಂತ ಟ್ಯಾಕ್ಸಿಗಳು ಒಂದರ ಹಿಂದೆ ಒಂದು ನಿಲ್ಲಿಸದೆ ಹೋದವು ಅಂತ ದೂರು ಕೊಟ್ಟರು. ಊರೆಲ್ಲ ಗದ್ದಲವಾಗಿ, ಗಿರಾಕಿಗಳ ವೇಷದಲ್ಲಿ ಅಧಿಕಾರಿಗಳನ್ನು ರಸ್ತೆಗಿಳಿಸಿ ಬರಲ್ಲ ಅಂದವರನ್ನು ಹಿಡಿಯೋ ಕಾರ್ಯಾಚರಣೆಯೇ ನಡೀತು. ಟೋಕಿಯೋದಲ್ಲಿ ದೂರಕ್ಕೆ ಹೋಗೋರನ್ನೇ ಆರಿಸಿ ಮಿಕ್ಕವರನ್ನು ಬಿಟ್ಟುಹೋಗೋ ಕಾಟ ಹೆಚ್ಚಾಗಿ 1970ರಲ್ಲಿ ಟ್ಯಾಕ್ಸಿಗಳಿಗೇ ಪ್ರತ್ಯೇಕ ಕಾಯ್ದೆ ತಂದರು.

ಹೊರದೇಶಕ್ಕೆ ಹೋಗೋರಿಗೆ ನಾನು ಕಲಿತದ್ದನ್ನು ಹೇಳಿಬಿಡ್ತೀನಿ. ಲಂಡನ್ನಿನಲ್ಲಿ ಫುಟ್‌ಪಾತ್ ಮೇಲೇ ನಿಂತು ಒಂದು ಕೈ ಎತ್ತಿದರೆ ಸಾಕು, ನನ್ನ ಹಾಗೆ ರಸ್ತೆಗೆ ಇಳೀಬೇಡಿ. ದೀಪ ಉರೀತಿದ್ದರೆ ಖಾಲಿ ಅಂತ. ಆದರೂ ಓಡ್ತಿರೋ ಗಾಡಿ ನಿಲ್ಲಿಸಲೇಬೇಕು ಅಂತಿಲ್ಲ, ನಿಲ್ಲಿಸಿದ ಮೇಲೆ ಮಾತ್ರ ನಿಯಮ. ಎಲ್ಲಿಗೆ ಅಂತ ಕಿಟಕಿಯಲ್ಲಿ ಹೇಳಿ ಆಮೇಲೆ ಹತ್ತೋದು ಅಲ್ಲಿಯ ಮರ್ಯಾದೆ. ನ್ಯೂಯಾರ್ಕಿನಲ್ಲಿ ಇದಕ್ಕೆ ಉಲ್ಟಾ. ಮೊದಲು ಹತ್ತಿ ಕೂರಿ, ಬಾಗಿಲು ಹಾಕಿ, ಆಮೇಲೆ ಹೇಳಿ. ಊರೊಳಗೆ ಎಲ್ಲಿಗಾದರೂ ಅವನು ಬರಬೇಕು. ಟೋಕಿಯೋದಲ್ಲಿ ಹಿಂದಿನ ಬಾಗಿಲನ್ನು ಡ್ರೈವರೇ ತೆಗೆದು ಹಾಕ್ತಾನೆ, ನೀವು ಕೈ ಹಾಕಬೇಡಿ, ಟಿಪ್ಸೂ ಕೊಡಬೇಡಿ. ಎಲ್ಲಾದರೂ ಬರಲ್ಲ ಅಂದರೆ ಜಗಳಕ್ಕೆ ನಿಲ್ಲಬೇಡಿ. ಗಾಡಿ ನಂಬರ್, ಹೊತ್ತು, ಜಾಗ ಬರ್ಕೊಂಡು ದೂರು ಕೊಡಿ. ನಿಮಗೆ ಅವತ್ತು ಗಾಡಿ ಸಿಗಲ್ಲ, ನಾಳೆ ಇನ್ಯಾರಿಗೋ ಸಿಗುತ್ತೆ.

ನಮ್ಮಲ್ಲೂ ಕಾನೂನಿದೆ. 1988ರ ಮೋಟಾರು ವಾಹನ ಕಾಯ್ದೆಯ 178ನೇ ಸೆಕ್ಷನ್ ಪ್ರಕಾರ ನಿಯಮ ಮೀರಿ ಬರಲ್ಲ ಅಂದ ಬಾಡಿಗೆ ಗಾಡಿಗೆ ದಂಡ ಉಂಟು. ಕಾಯ್ದೆ ಬಂದಾಗ ಆಟೋದವನಿಗೆ 50 ರೂಪಾಯಿವರೆಗೆ, ಕಾರಿಗೆ 200ರವರೆಗೆ ಅಂತಿತ್ತು. ಈಗ ಆ್ಯಪ್ ಕಾಲ. ಬುಕ್ ಮಾಡಿದರೆ ಡ್ರೈವರ್ ಫೋನ್ ಮಾಡಿ ‘ಎಲ್ಲಿಗೆ ಸಾರ್, ಕ್ಯಾಶಾ?’ ಅಂತಾನೆ, ಆಮೇಲೆ ಕ್ಯಾನ್ಸಲ್. 2020ರ ಕೇಂದ್ರದ ಮಾರ್ಗಸೂಚಿಯಲ್ಲಿ ಕಾರಣವಿಲ್ಲದೆ ಕ್ಯಾನ್ಸಲ್ ಮಾಡಿದರೆ ಬಾಡಿಗೆಯ ಶೇಕಡಾ 10, ಹೆಚ್ಚೆಂದರೆ 100 ರೂಪಾಯಿ ದಂಡ ಅಂತ ಬಂತು. ಡ್ರೈವರ್ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ, ಡ್ರೈವರ್ ಮನೆಯಲ್ಲೇ ಬೆಳೆದವನು. ಖಾಲಿ ವಾಪಸ್ ಬರೋ ದಾರಿ, ಸಾಲದ ಕಂತು, ಕಮಿಷನ್ನು ಎಲ್ಲ ನಿಜ. ದುಡ್ಡು ಗಿಟ್ಟಲ್ಲ ಅಂತ ಬರಲ್ಲ ಅನ್ನೋದಕ್ಕೆ ರೇಟು ಸರಿಮಾಡಿದರೆ ಪರಿಹಾರ ಇದೆ. ನೀನು ಅಂತ ಬರಲ್ಲ ಅನ್ನೋದಕ್ಕೆ ಯಾವ ರೇಟಿನಲ್ಲೂ ಪರಿಹಾರ ಇಲ್ಲ. ಕಷ್ಟ ಏನು ಅಂದರೆ ಎರಡಕ್ಕೂ ನೆಪ ಒಂದೇ.

ನನಗೆ ಸಮಾಧಾನ ಕೊಟ್ಟದ್ದು ಎರಡು. 2008ರ ನವೆಂಬರ್ 1ಕ್ಕೆ ಬಂದ 108 ಆಂಬುಲೆನ್ಸ್, 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ಟಿಲ್ಲದ ಓಡಾಟ. ಎರಡರಲ್ಲೂ ಕೊರತೆ ಬೇಕಾದಷ್ಟಿದೆ. ಆದರೆ ನಡುರಾತ್ರಿ ಇನ್ನೊಬ್ಬರ ಅಂಗಳದಾಚೆ ನಿಂತು ‘ಬುದ್ದೀ’ ಅಂತ ಕೂಗೋದು ತಪ್ಪಿತಲ್ಲ.

ಚಿಕ್ಕಪ್ಪ ತೀರಿಕೊಂಡು ಆರು ವರ್ಷ. ಕೊನೆಗಾಲದಲ್ಲಿ ಒಂದು ದಿನ ಧೈರ್ಯ ಮಾಡಿ ಕೇಳಿದ್ದೆ, ‘ಚಿಕ್ಕಪ್ಪ, ಅವತ್ತು ಡೀಸೆಲ್ ಇತ್ತಲ್ವಾ?’ ಯಾವತ್ತು ಅಂತ ಅವರು ಕೇಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, ‘ಮಾರನೇ ದಿನ ಮದುವೆ ಬಾಡಿಗೆ ಒಪ್ಕಂಡಿದ್ದೆ ಕಣೋ. ಅವರನ್ನ ಕೂರಿಸಿದ್ದು ಗೊತ್ತಾದರೆ ಆ ಮನೆಯೋರು ಹತ್ತುತಿರಲಿಲ್ಲ’ ಅಂದರು. ಮತ್ತೆ ಸ್ವಲ್ಪ ಹೊತ್ತಿಗೆ, ‘ನಾನು ಕರ್ಕಂಡು ಹೋಗಬೇಕಿತ್ತು’ ಅಂದರು.

ಲಂಡನ್ನಿನವನ ಮೇಲೆ ದೂರು ಕೊಡೋಕೆ ನನ್ನ ಹತ್ತಿರ ನಂಬರ್ ಇರಲಿಲ್ಲ. ಚಿಕ್ಕಪ್ಪನ ಕಾರಿನ ನಂಬರ್ ಇವತ್ತಿಗೂ ಬಾಯಿಪಾಠ.

ನಿಮ್ಮೂರ ಗಾಡಿಗಳ ಕತೆ ಏನು? ಯಾರು ಹತ್ತುತ್ತಿದ್ದರು ಅಂತ ಎಲ್ಲರೂ ಬರೀತೀವಿ. ಯಾರು ಹತ್ತಲಿಲ್ಲ ಅಂತಲೂ ಒಮ್ಮೆ ಮನೆಯ ದೊಡ್ಡವರನ್ನು ಕೇಳಿ ನೋಡಿ.