ಹೊನ್ನೂರಿನ ಬಸ್ಸು, ಚಂದ್ರನ ನೆರಳು

ಯಳಂದೂರಿನಿಂದ ಹೊನ್ನೂರಿಗೆ ರಾತ್ರಿ ಬಸ್ಸಲ್ಲಿ ಬರುವಾಗ ಚಂದ್ರ ನಮ್ಮ ಜೊತೆಗೇ ಓಡಿ ಬರ್ತಾನೆ ಅಂತ ಚಿಕ್ಕಂದಿನಲ್ಲಿ ನಂಬಿದ್ದೆ. ಅವನು ಸುಮಾರು 3,84,000 ಕಿ.ಮೀ. ದೂರದಲ್ಲಿರೋದರಿಂದ ಹಾಗೆ ಕಾಣೋದು, ಅಷ್ಟೇ. ನಿಜವಾಗಿ ಅವನನ್ನು ಆಕಾಶದಲ್ಲಿ ಒಂದೇ ಕಡೆ ಇಟ್ಟುಕೊಳ್ಳಬೇಕಾದರೆ ನಮ್ಮೂರಿನ ಅಕ್ಷಾಂಶದಲ್ಲಿ ಪಶ್ಚಿಮಕ್ಕೆ ಗಂಟೆಗೆ ಸುಮಾರು 1,580 ಕಿ.ಮೀ. ವೇಗದಲ್ಲಿ ಹೋಗಬೇಕು. (ಧ್ರುವದ ಹತ್ತಿರವಾದರೆ ನಡೆದೇ ಸಾಧಿಸಬಹುದು, ಚಳಿ ತಡೆದರೆ!)

ಗ್ರಹಣದ ಹೊತ್ತಿನ ಅವನ ನೆರಳು ಮಾತ್ರ ಪೂರ್ವಕ್ಕೆ ಓಡುತ್ತೆ. ಅದರ ಬೆನ್ನು ಹತ್ತಿದವರೂ ಇದ್ದಾರೆ. 1973ರ ಜೂನ್ 30ರಂದು ಕಾನ್‌ಕಾರ್ಡ್ ವಿಮಾನ ಆಫ್ರಿಕಾದ ಮೇಲೆ ಶಬ್ದದ ಎರಡು ಪಟ್ಟು ವೇಗದಲ್ಲಿ ನೆರಳಿನೊಳಗೇ ಹಾರಿತು. ನೆಲದ ಮೇಲೆ ನಿಂತವರಿಗೆ ಹೆಚ್ಚೆಂದರೆ ಏಳು ನಿಮಿಷ ಸಿಕ್ಕ ಪೂರ್ಣಗ್ರಹಣ, ಒಳಗಿದ್ದ ವಿಜ್ಞಾನಿಗಳಿಗೆ 74 ನಿಮಿಷ ಸಿಕ್ಕಿತು.

ಏಳೇ ವರ್ಷಕ್ಕೆ, 1980ರ ಫೆಬ್ರವರಿ 16ರಂದು, ಆ ನೆರಳು ತಾನಾಗೇ ನಮ್ಮ ರಾಜ್ಯಕ್ಕೆ ಬಂತು. ಕಾರವಾರದ ಕಡೆಯಿಂದ ಹೊಕ್ಕು ರಾಯಚೂರಿನತ್ತ ಹೋಯಿತು. ಜವಳಗೇರಾದಲ್ಲಿ ಬೆಂಗಳೂರಿನ ಖಭೌತ ಸಂಸ್ಥೆಯ ವಿಜ್ಞಾನಿಗಳು ಬೀಡುಬಿಟ್ಟು ಕಾದಿದ್ದರು. ಸಿಕ್ಕಿದ್ದು ಮೂರು ನಿಮಿಷಕ್ಕೂ ಕಡಿಮೆ.

ಹೊನ್ನೂರಿನಲ್ಲಿ ಸೂರ್ಯ ಪೂರ್ತಿ ಮುಚ್ಚಲಿಲ್ಲ. ಆದರೂ ಅಜ್ಜಿ ಬಾಗಿಲು ಹಾಕಿ, "ಆಚೆ ಕಾಲಿಟ್ಟೀಯ, ನೋಡು" ಅಂದ್ಲಂತೆ. ಅಪ್ಪ ಆಗ ಹುಡುಗ. ಹೆಂಚಿನ ಸಂದಿಯಿಂದ ನೆಲಕ್ಕೆ ಬಿದ್ದ ಬಿಸಿಲಿನ ಚುಕ್ಕಿಗಳೆಲ್ಲ ಕುಡುಗೋಲಿನಂತೆ ಬಾಗಿದ್ದವಂತೆ. ಅವರು ಕಂಡದ್ದು ಅಷ್ಟೇ. ಈಗಲೂ ಬೆರಳಲ್ಲಿ ಅದರ ಆಕಾರ ಬರೆದು ತೋರಿಸ್ತಾರೆ.