ಶ್ರುತಿ

‘ಶ್ರು’ ಎಂದರೆ ಕೇಳು. ಆ ಸಂಸ್ಕೃತ ಧಾತುವಿನಿಂದ ಬಂದ ‘ಶ್ರುತಿ’ಗೆ ಕೇಳಿದ್ದು ಎಂದರ್ಥ. ಕಿವಿಯಿಂದ ಕಿವಿಗೆ ಬಂದ ವೇದಕ್ಕೂ ಇದೇ ಹೆಸರು. ಸಂಗೀತಶಾಸ್ತ್ರದಲ್ಲಿ ಶ್ರುತಿಯೆಂದರೆ ಕಿವಿ ಗುರುತಿಸಬಲ್ಲ ಸೂಕ್ಷ್ಮ ನಾದಾಂತರ. ಭರತನ ನಾಟ್ಯಶಾಸ್ತ್ರ ಒಂದು ಸ್ಥಾಯಿಯಲ್ಲಿ ಇಂಥ 22ನ್ನು ಹೇಳುತ್ತದೆ.

ಹಾಡುವವರ ಬಾಯಲ್ಲಿ ಮಾತ್ರ ಅರ್ಥ ಬೇರೆ. ‘ನಿಮ್ಮ ಶ್ರುತಿ ಎಷ್ಟು?’ ಎಂದು ಕೇಳಿದರೆ ಷಡ್ಜವನ್ನು ಎಲ್ಲಿ ಹಿಡಿಯುತ್ತೀರಿ ಎಂದು. ಉತ್ತರ ಬರುವುದು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ: ಕಪ್ಪು ಒಂದು, ಬಿಳಿ ಐದು. ಯಕ್ಷಗಾನದ ಭಾಗವತರಿಗೂ ಇದೇ ಲೆಕ್ಕ. ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ಗೊತ್ತಾದ ಎತ್ತರವಿಲ್ಲ; ಕಂಠಕ್ಕೆ ಒಗ್ಗಿದ್ದೇ ಆಧಾರ. ಅದನ್ನು ಬಿಡದೆ ಮೀಟುವುದಷ್ಟೇ ತಂಬೂರಿಯ ಕೆಲಸ. ಈಗ ಆ ಕೆಲಸ ಶ್ರುತಿ ಪೆಟ್ಟಿಗೆಗೆ, ಮೊಬೈಲಿಗೆ ಬಂದಿದೆ. ಅನುಕೂಲವೇನೋ ಹೌದು, ಆದರೆ ಮಕ್ಕಳಿಗೆ ತಂಬೂರಿಯ ತಂತಿಯನ್ನು ತಾವೇ ತಿರುಪಿ ಶ್ರುತಿ ಸೇರಿಸುವ ಅಭ್ಯಾಸ ತಪ್ಪಿತು.

ಮನೆಮಾತಿಗೂ ಪದ ಇಳಿದಿದೆ. ಹೊಂದಿಕೊಂಡ ದಂಪತಿಗಳದು ಶ್ರುತಿಗೂಡಿದ ಸಂಸಾರ. ದಾರಿ ತಪ್ಪಿದ ಚರ್ಚೆ ಶ್ರುತಿ ಕೆಟ್ಟದ್ದು.

ಕಛೇರಿಯ ಕರಪತ್ರಗಳಲ್ಲಿ, ಹೆಣ್ಣುಮಕ್ಕಳ ಹೆಸರಿನಲ್ಲಿ ‘ಶೃತಿ’ ಎಂಬ ಬರಹ ಧಾರಾಳ. ಧಾತುವಿನಲ್ಲಿ ಋಕಾರವಿಲ್ಲ, ‘ಶ್ರುತಿ’ಯೇ ಸರಿ.