ಪ್ರಾಥಮಿಕ ಬಣ್ಣಗಳು ಯಾವುವು: ಕೆಂಪು-ಹಳದಿ-ನೀಲಿಯೋ, ಕೆಂಪು-ಹಸಿರು-ನೀಲಿಯೋ?

ಶಾಲೆಯಲ್ಲಿ ನಮಗೆ ಸುಳ್ಳು ಕಲಿಸಿದ್ದಾರೆ ಎಂದು ಶುರುವಾಗುವ ಫಾರ್ವರ್ಡ್‌ಗಳಿಗೆ ವಾಟ್ಸಾಪಿನಲ್ಲಿ ಬರವಿಲ್ಲ. ಅಂಥವುಗಳಲ್ಲಿ ಬಣ್ಣದ ಮಾತೂ ಒಂದು. ಡ್ರಾಯಿಂಗ್ ಮೇಷ್ಟ್ರು ಹೇಳಿಕೊಟ್ಟ ಕೆಂಪು, ಹಳದಿ, ನೀಲಿ ಪ್ರಾಥಮಿಕ ಬಣ್ಣಗಳೇ ಅಲ್ಲ, ವಿಜ್ಞಾನದ ಪ್ರಕಾರ ಅವು ಕೆಂಪು, ಹಸಿರು, ನೀಲಿ ಎನ್ನುತ್ತದೆ ಒಂದು ವಾದ. ಇನ್ನೊಂದು ವಾದ ಪ್ರಿಂಟರಿನ ಇಂಕು ತೋರಿಸಿ ಸಯಾನ್, ಮಜೆಂಟಾ, ಹಳದಿ ಎನ್ನುತ್ತದೆ. ಮಕ್ಕಳ ಚಿತ್ರಕಲೆಯ ಪುಸ್ತಕ ಒಂದು ಹೇಳಿದರೆ ವಿಜ್ಞಾನದ ಪುಸ್ತಕ ಇನ್ನೊಂದು ಹೇಳುವುದುಂಟು. ಹೋಂವರ್ಕ್ ಮಾಡಿಸಲು ಕೂತ ಅಪ್ಪ-ಅಮ್ಮ ತಬ್ಬಿಬ್ಬಾಗುವುದು ಸಹಜವೇ.

ಚುಟುಕು ಉತ್ತರ ಇದು: ಬೆಳಕನ್ನು ಬೆರೆಸುವಾಗ ಕೆಂಪು, ಹಸಿರು, ನೀಲಿ ಸರಿ. ಬಳಿಯುವ ಬಣ್ಣ, ಇಂಕು, ಡೈಗಳನ್ನು ಬೆರೆಸುವಾಗ ಸಯಾನ್, ಮಜೆಂಟಾ, ಹಳದಿ ಸರಿ. ಕೆಂಪು-ಹಳದಿ-ನೀಲಿ ಈ ಎರಡನೆಯದರ ಹಳೆಯ, ಒರಟು ರೂಪ. ಮೂರೂ ಪಟ್ಟಿಗಳ ಬೇರು ಮಾತ್ರ ಒಂದೇ ಕಡೆ, ನಮ್ಮ ಕಣ್ಣಿನಲ್ಲಿ ಇದೆ.

ಫೋನಿನಲ್ಲಿ ಹಳದಿ ಬೆಳಕೇ ಇಲ್ಲ

ಈಗ ಕೈಯಲ್ಲಿರುವ ಫೋನಿನಲ್ಲೇ ಇದನ್ನು ನೋಡಬಹುದು. ಪರದೆಯ ಮೇಲೆ ಪೂರ್ತಿ ಬಿಳಿ ಇರುವ ಚಿತ್ರ ತೆರೆದು, ಬೆರಳ ತುದಿಯಿಂದ ಸಾಸಿವೆ ಕಾಳಿಗಿಂತ ಚಿಕ್ಕ ಒಂದು ಹನಿ ನೀರು ಇಡಿ. ಹನಿ ಪುಟ್ಟ ಭೂತಗನ್ನಡಿಯಂತೆ ಕೆಲಸ ಮಾಡುತ್ತದೆ. ಅದರೊಳಗೆ ಬಿಳಿಯ ಬದಲು ಕೆಂಪು, ಹಸಿರು, ನೀಲಿ ಚುಕ್ಕೆಗಳು ಕಾಣುತ್ತವೆ. ಈಗ ಹಳದಿ ಚಿತ್ರ ತೆರೆಯಿರಿ. ನೀಲಿ ಚುಕ್ಕೆಗಳು ಆರಿ ಹೋಗಿರುತ್ತವೆ, ಕೆಂಪು ಮತ್ತು ಹಸಿರು ಮಾತ್ರ ಉರಿಯುತ್ತಿರುತ್ತವೆ. ಹಳದಿ ಚುಕ್ಕೆ ಎಲ್ಲೂ ಇಲ್ಲ. ನೋಡಿದ ಮೇಲೆ ಹನಿಯನ್ನು ಬಟ್ಟೆಯಿಂದ ಒರೆಸಿಬಿಡಿ. ಟಿವಿಯ ಮೇಲೆ ನೀರಿನ ಪ್ರಯೋಗ ಬೇಡ.

ಹಾಗಾದರೆ ನಿಜವಾದ ಹಳದಿ ಬೆಳಕು ಇರುವುದೇ ಇಲ್ಲವೇ? ಇದೆ. ಗ್ಯಾಸ್ ಒಲೆಯ ಮೇಲೆ ಉಪ್ಪು ಹಾಕಿದ ನೀರು ಉಕ್ಕಿ ಉರಿಗೆ ಬಿದ್ದಾಗ ನೀಲಿ ಜ್ವಾಲೆ ಥಟ್ಟನೆ ಹಳದಿಯಾಗುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಸೂಸುವ ಆ ಬೆಳಕಿನ ಅಲೆಯುದ್ದ ಸುಮಾರು 589 ನ್ಯಾನೋಮೀಟರ್. ಅದು ಅಪ್ಪಟ ಹಳದಿ, ಅದರಲ್ಲಿ ಕೆಂಪೂ ಹಸಿರೂ ಬೆರೆತಿಲ್ಲ. ಅದೇ ಜ್ವಾಲೆಯ ಫೋಟೋ ತೆಗೆದು ಪರದೆಯ ಮೇಲೆ ನೋಡಿದರೆ ಕಣ್ಣಿಗೆ ಬೀಳುವುದು ಕೆಂಪು ಮತ್ತು ಹಸಿರು ಬೆಳಕಿನ ಬೆರಕೆ. ಭೌತಶಾಸ್ತ್ರದ ಲೆಕ್ಕದಲ್ಲಿ ಎರಡೂ ಬೇರೆ ಬೇರೆ. ಆದರೂ ನಾವು ಎರಡನ್ನೂ ಹಳದಿ ಎಂದೇ ಕಾಣುತ್ತೇವೆ.

ಕಾರಣ ಕಣ್ಣಿನ ಹಿಂಭಾಗದ ರೆಟಿನಾದಲ್ಲಿದೆ. ಬಣ್ಣ ಗುರುತಿಸಲು ನಮ್ಮಲ್ಲಿರುವುದು ಮೂರೇ ಬಗೆಯ ಶಂಕುಕೋಶಗಳು. ಒಂದು ಬಗೆ ಸುಮಾರು 420, ಇನ್ನೊಂದು 530, ಮತ್ತೊಂದು 560 ನ್ಯಾನೋಮೀಟರ್ ಆಸುಪಾಸಿನ ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ. ಒಲೆಯ ಹಳದಿ ಬಿದ್ದಾಗ ಕೊನೆಯ ಎರಡು ಬಗೆಗಳು ಒಟ್ಟಿಗೆ ಕೆರಳುತ್ತವೆ. ಕೆಂಪು-ಹಸಿರು ಬೆರಕೆ ಬಿದ್ದಾಗಲೂ ಅವೇ ಎರಡು, ಅದೇ ಪ್ರಮಾಣದಲ್ಲಿ ಕೆರಳುತ್ತವೆ. ಯಾವ ಕೋಶ ಎಷ್ಟು ಕೆರಳಿತು ಎಂಬುದಷ್ಟೇ ಮಿದುಳಿಗೆ ತಲುಪುವ ಸುದ್ದಿ. ಫೋನು ತಯಾರಿಸುವವರು ನಂಬಿಕೊಂಡಿರುವುದು ನಮ್ಮ ಕಣ್ಣಿನ ಈ ಮಿತಿಯನ್ನೇ.

ಅಂದರೆ ‘ಮೂರು’ ಎಂಬ ಸಂಖ್ಯೆ ಬೆಳಕಿನ ಗುಣವಲ್ಲ, ಮನುಷ್ಯನ ಕಣ್ಣಿನದು. ನಾಯಿಗಳಿಗೆ ಇಂಥ ಕೋಶಗಳು ಎರಡೇ ಬಗೆ. (ನಾಯಿಗೆ ಎಲ್ಲ ಕಪ್ಪು-ಬಿಳುಪು ಎನ್ನುವ ಫಾರ್ವರ್ಡ್ ತಪ್ಪು, ಅವು ನೀಲಿ-ಹಳದಿ ವ್ಯತ್ಯಾಸ ಗುರುತಿಸುತ್ತವೆ.) ಬಹುತೇಕ ಹಕ್ಕಿಗಳಿಗೆ ನಾಲ್ಕು ಬಗೆ. ಗಿಳಿಯೊಂದು ಟಿವಿ ತಯಾರಿಸಿದ್ದರೆ ಅದರಲ್ಲಿ ನಾಲ್ಕು ಬಣ್ಣದ ಚುಕ್ಕೆ ಇಡಬೇಕಾಗುತ್ತಿತ್ತು.

ಪೇಂಟ್ ಕಳೆಯುತ್ತದೆ

ಪೇಂಟಿನ ಲೆಕ್ಕ ಇದಕ್ಕೆ ಉಲ್ಟಾ. ಪರದೆ ಕತ್ತಲಿನಿಂದ ಶುರುಮಾಡಿ ಬೆಳಕು ಸೇರಿಸುತ್ತಾ ಹೋಗುತ್ತದೆ. ಪೇಂಟಿಗೆ ಸ್ವಂತ ಬೆಳಕಿಲ್ಲ. ಬಿಳಿ ಗೋಡೆಯ ಮೇಲೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ಅದು ಹೀರಿಕೊಂಡು ಮಿಕ್ಕಿದ್ದನ್ನು ವಾಪಸು ಕಳಿಸುತ್ತದೆ. ಹಳದಿ ಪೇಂಟ್ ನೀಲಿ ಬೆಳಕನ್ನು ಹೀರಿ ಕೆಂಪು, ಹಳದಿ, ಹಸಿರನ್ನು ಬಿಟ್ಟುಕೊಡುತ್ತದೆ. ನೀಲಿ ಪೇಂಟ್ ಕೆಂಪು, ಹಳದಿಯನ್ನು ಹೀರಿ ನೀಲಿಯನ್ನೂ ಸ್ವಲ್ಪ ಹಸಿರನ್ನೂ ಬಿಡುತ್ತದೆ. ಎರಡನ್ನೂ ಕಲಸಿದರೆ ಇಬ್ಬರ ಹೀರುವಿಕೆಯಿಂದಲೂ ತಪ್ಪಿಸಿಕೊಂಡು ಹೊರಬರುವುದು ಹಸಿರು ಮಾತ್ರ. ಎರಡನೇ ಕ್ಲಾಸಿನ ಮಗು ಮಾಡುವ ‘ನೀಲಿ ಪ್ಲಸ್ ಹಳದಿ ಹಸಿರು’ ಎಂಬ ಜಾದೂ ಇಷ್ಟೇ.

ಬೆಳಕಿನಲ್ಲಿ ನೀಲಿಗೆ ಹಳದಿ ಬೆರೆಸಿದರೆ ಹಸಿರು ಬರುವುದಿಲ್ಲ, ಬಿಳಿ ಬರುತ್ತದೆ. ಇದರ ಸಾಕ್ಷಿಯೂ ಫೋನಿನಲ್ಲೇ ಇದೆ. ಟಾರ್ಚ್ ಆರಿಸಿ, ಕ್ಯಾಮೆರಾ ಪಕ್ಕದ ಆ ಪುಟ್ಟ ಕಿಂಡಿಯನ್ನು ನೋಡಿ. ಒಳಗೆ ಹಳದಿ ಚೌಕವೊಂದು ಕಾಣುತ್ತದೆ. ಅದರ ಅಡಿಯಲ್ಲಿರುವುದು ನೀಲಿ ಎಲ್‌ಇಡಿ. ನೀಲಿ ಬೆಳಕಿನ ಒಂದು ಪಾಲನ್ನು ಮೇಲಿನ ಫಾಸ್ಫರ್ ಲೇಪ ಹಳದಿ ಬೆಳಕಾಗಿ ಬದಲಿಸುತ್ತದೆ, ಮಿಕ್ಕ ನೀಲಿ ಹಾಗೇ ಹೊರಬರುತ್ತದೆ, ಎರಡೂ ಸೇರಿ ಬಿಳಿ ಬೆಳಕು. ಮನೆಯ ಎಲ್‌ಇಡಿ ಬಲ್ಬುಗಳಲ್ಲೂ ಹೆಚ್ಚಾಗಿ ಇದೇ ವ್ಯವಸ್ಥೆ. ಸಮರ್ಥವಾದ ನೀಲಿ ಎಲ್‌ಇಡಿ ರೂಪಿಸಿದ್ದಕ್ಕಾಗಿ ಅಕಾಸಾಕಿ, ಅಮಾನೊ, ನಾಕಾಮುರ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು.

ಬಿಳಿ ಬಟ್ಟೆಗೆ ನೀಲಿ ಹಾಕುವುದು ಎಲ್ಲರಿಗೂ ಗೊತ್ತು. ಹಳದಿಗಟ್ಟಿದ ಪಂಚೆಗೆ ನೀಲಿ ಹಾಕಿದರೆ ಅದು ಹಸಿರಾಗಬೇಕಿತ್ತಲ್ಲ? ಹಾಕುವ ನೀಲಿ ಬಹಳ ತೆಳು. ಹಳೆಯ ಬಟ್ಟೆ ನೀಲಿ ಬೆಳಕನ್ನು ತುಸು ನುಂಗುತ್ತಿರುತ್ತದೆ, ನೀಲಿ ಡೈ ಹಳದಿಯ ಕಡೆಯದನ್ನು ತುಸು ನುಂಗಿ ತಕ್ಕಡಿ ಸಮ ಮಾಡುತ್ತದೆ. ಬಟ್ಟೆ ಲೆಕ್ಕಕ್ಕೆ ಕೂದಲೆಳೆಯಷ್ಟು ಮಂಕಾದರೂ ಕಣ್ಣಿಗೆ ಬೆಳ್ಳಗೆ ಕಾಣುತ್ತದೆ. ಕೈ ಜಾರಿ ನೀಲಿ ಹೆಚ್ಚಾದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಪೇಂಟ್ ಡಬ್ಬಿಯ ನೇರಳೆ ಯಾಕೆ ಕೆಸರಾಗುತ್ತದೆ

ಕೆಂಪು-ಹಳದಿ-ನೀಲಿಯ ದೌರ್ಬಲ್ಯ ಗೊತ್ತಾಗುವುದು ನೇರಳೆ ಮಾಡಲು ಹೊರಟಾಗ. ಕೆಂಪು ಪೇಂಟ್ ಹಸಿರನ್ನೂ ನೀಲಿಯನ್ನೂ ಹೀರುತ್ತದೆ. ನೀಲಿ ಪೇಂಟ್ ಕೆಂಪನ್ನು ಹೀರುತ್ತದೆ. ಇಬ್ಬರೂ ಸೇರಿ ಬಹುಪಾಲು ನುಂಗಿದ ಮೇಲೆ ಉಳಿಯುವುದು ಕಂದು ಮಿಶ್ರಿತ ಕೊಳೆ ಬಣ್ಣ. ಒಂದೊಂದು ಬಣ್ಣವೂ ಒಂದೊಂದನ್ನೇ ಹೀರುವಂತಿದ್ದರೆ ಬೆರಕೆ ಶುಭ್ರವಾಗಿರುತ್ತದೆ. ಕೆಂಪನ್ನು ಮಾತ್ರ ಹೀರುವುದು ಸಯಾನ್, ಅಂದರೆ ಹಸಿರಿಗೆ ವಾಲಿದ ತಿಳಿನೀಲಿ. ಹಸಿರನ್ನು ಮಾತ್ರ ಹೀರುವುದು ಮಜೆಂಟಾ, ಸೀರೆ ಅಂಗಡಿಯಲ್ಲಿ ರಾಣಿ ಪಿಂಕ್ ಎನ್ನುತ್ತಾರಲ್ಲ, ಅದರ ಹತ್ತಿರದ್ದು. ನೀಲಿಯನ್ನು ಮಾತ್ರ ಹೀರುವುದು ಹಳದಿ. ಸಯಾನಿಗೆ ಮಜೆಂಟಾ ಸೇರಿಸಿದರೆ ನೀಲಿ, ಮಜೆಂಟಾಗೆ ಹಳದಿ ಸೇರಿಸಿದರೆ ಕೆಂಪು. ಶಾಲೆಯ ಪಟ್ಟಿಯ ‘ಮೂಲ’ ಕೆಂಪು, ಮೂಲ ನೀಲಿ ಎರಡನ್ನೂ ಹೀಗೆ ಬೆರೆಸಿ ಪಡೆಯಬಹುದು.

ದಿನಪತ್ರಿಕೆಯ ಪುಟದ ಅಂಚಿನಲ್ಲಿ ಸಾಲಾಗಿ ನಾಲ್ಕು ಬಣ್ಣದ ಚುಕ್ಕೆಗಳಿರುವುದನ್ನು ಗಮನಿಸಿರಬಹುದು. ಸಯಾನ್, ಮಜೆಂಟಾ, ಹಳದಿ, ಕಪ್ಪು. ಬಣ್ಣಗಳು ಸರಿಯಾಗಿ ಒಂದರ ಮೇಲೊಂದು ಕೂರುತ್ತಿವೆಯೇ ಎಂದು ನೋಡಲು ಮುದ್ರಣದವರು ಇಟ್ಟುಕೊಳ್ಳುವ ಗುರುತು ಅದು. ಮೂರು ಬಣ್ಣ ಸೇರಿದರೆ ಕಪ್ಪಾಗಬೇಕು ನಿಜ, ಆದರೆ ನಿಜವಾದ ಇಂಕುಗಳು ಅಷ್ಟು ಶುದ್ಧವಲ್ಲ, ಕಂದು ಬರುತ್ತದೆ. ಸಣ್ಣ ಅಕ್ಷರಕ್ಕೆಲ್ಲ ಮೂರು ಇಂಕು ಸುರಿಯುವುದೂ ದುಂದು. ಹಾಗಾಗಿ ಕಪ್ಪು ಬೇರೆ.

ಇದರಿಂದ ಕೈ ಸುಡುವುದು ಲಗ್ನಪತ್ರಿಕೆ, ಫ್ಲೆಕ್ಸ್ ಮಾಡಿಸುವಾಗ. ಫೋನಿನಲ್ಲಿ ಥಳಥಳಿಸುವ ಗಿಳಿಹಸಿರು, ಕಡುನೀಲಿ ಕಾಗದದ ಮೇಲೆ ಸಪ್ಪೆಯಾಗುತ್ತವೆ. ಪರದೆ ಬೆಳಕು ಸೂಸಿ ತೋರಿಸುವ ಕೆಲವು ಬಣ್ಣಗಳನ್ನು ಬೆಳಕು ಹೀರುವ ಇಂಕು ತಲುಪಲಾರದು. ಪ್ರಿಂಟಿಂಗ್ ಪ್ರೆಸ್ಸಿನವರು ಮೋಸ ಮಾಡಿದರೆಂದು ಜಗಳ ತೆಗೆಯುವ ಮೊದಲೇ, ಸಾವಿರ ಕಾರ್ಡಿಗೆ ಆರ್ಡರ್ ಕೊಡುವ ಮುಂಚೆ, ಅದೇ ಕಾಗದದ ಮೇಲೆ ಒಂದು ಸ್ಯಾಂಪಲ್ ತೆಗೆಸಿ ನೋಡುವುದು ಕ್ಷೇಮ.

ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿಯ ಕೆಂಪು ಬರುತ್ತದಲ್ಲ, ಹಳದಿಗೆ ಬಿಳಿ ಸೇರಿದರೆ ತಿಳಿಹಳದಿಯಾಗಬೇಕಿತ್ತು ಎಂದು ಕೆಲವರು ಕೇಳಬಹುದು. ಅದು ಬಣ್ಣದ ಬೆರಕೆಯಲ್ಲ, ರಸಾಯನ ಕ್ರಿಯೆ. ಸುಣ್ಣದ ಕ್ಷಾರ ಅರಿಶಿನದ ಕರ್ಕ್ಯುಮಿನ್ ಅಣುವನ್ನೇ ಬದಲಿಸುತ್ತದೆ, ಬದಲಾದ ಅಣು ಬೇರೆ ಬೆಳಕನ್ನು ಹೀರುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ.

ರಾಮನ್ ಒಪ್ಪಲಿಲ್ಲ

ಮೂರು ಬಗೆಯ ಗ್ರಾಹಕಗಳ ಊಹೆಯನ್ನು ಮುಂದಿಟ್ಟವರು ಇಂಗ್ಲೆಂಡಿನ ವೈದ್ಯ ಥಾಮಸ್ ಯಂಗ್, 1801ರ ಸುಮಾರಿಗೆ. ಬೆಳಕು ಬೆರೆಸುವುದೂ ಪೇಂಟ್ ಬೆರೆಸುವುದೂ ಒಂದೇ ಅಲ್ಲ ಎಂದು 1852ರಲ್ಲಿ ಬಿಡಿಸಿ ಹೇಳಿದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಮ್ಯಾಕ್ಸ್‌ವೆಲ್ ಬಣ್ಣದ ಬಿಲ್ಲೆಗಳನ್ನು ಬುಗುರಿಯಂತೆ ತಿರುಗಿಸಿ ಅಳತೆ ಮಾಡಿದರು. 1861ರಲ್ಲಿ ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ತೆಗೆದ ಮೂರು ಫೋಟೋಗಳನ್ನು ಒಂದರ ಮೇಲೊಂದು ಬಿಟ್ಟು ಬಣ್ಣದ ಚಿತ್ರ ತೋರಿಸಿದರು.

ಬೆಂಗಳೂರಿನಲ್ಲಿ ನೆಲೆಸಿದ್ದ ಸರ್ ಸಿ.ವಿ. ರಾಮನ್ ಕೊನೆಗಾಲದಲ್ಲಿ ದೃಷ್ಟಿಯ ಬಗ್ಗೆ ಆಳವಾಗಿ ಕೆಲಸ ಮಾಡಿ, ಹೂವುಗಳ ಬಣ್ಣಗಳನ್ನೂ ಅಧ್ಯಯನ ಮಾಡಿ, 1968ರಲ್ಲಿ ಪುಸ್ತಕ ತಂದರು. ಮೂರು ಗ್ರಾಹಕಗಳ ಸಿದ್ಧಾಂತವನ್ನು ಅವರು ಒಪ್ಪಲಿಲ್ಲ. ಆದರೆ ಶಂಕುಕೋಶಗಳನ್ನು ಒಂದೊಂದಾಗಿ ಅಳೆದ 1964ರ ಪ್ರಯೋಗಗಳು, ಆಮೇಲೆ 1986ರಲ್ಲಿ ಪತ್ತೆಯಾದ ಜೀನ್‌ಗಳು ಯಂಗ್ ಊಹೆಯನ್ನೇ ಎತ್ತಿ ಹಿಡಿದವು. ನೊಬೆಲ್ ಪಡೆದವರ ಹೆಸರು ಇದ್ದ ಮಾತ್ರಕ್ಕೆ ಫಾರ್ವರ್ಡ್ ನಿಜವಾಗುವುದಿಲ್ಲ ಎನ್ನಲು ನಾವು ಇದನ್ನು ನೆನಪಿಸುತ್ತೇವೆ. ರಾಮನ್ ಅವರ ಮೇಲಿನ ಗೌರವ ಇದರಿಂದ ಕಡಿಮೆಯಾಗಬೇಕಿಲ್ಲ.

ಕೋಶ ಎರಡೇ ಇದ್ದರೆ

ಕೆಲವರಲ್ಲಿ ಮೂರರಲ್ಲಿ ಒಂದು ಬಗೆಯ ಶಂಕುಕೋಶ ಇರುವುದಿಲ್ಲ ಅಥವಾ ಬೇರೆ ರೀತಿ ಕೆಲಸ ಮಾಡುತ್ತದೆ. ಇದನ್ನೇ ವರ್ಣಾಂಧತೆ ಎನ್ನುತ್ತೇವೆ, ಹೆಸರಿನಲ್ಲಿ ‘ಅಂಧ’ ಇದ್ದರೂ ಇವರಲ್ಲಿ ಬಹುತೇಕರಿಗೆ ಬಣ್ಣ ಕಾಣುತ್ತದೆ. ಕೆಂಪು-ಹಸಿರು ಗೊಂದಲ ಹೆಚ್ಚು ಸಾಮಾನ್ಯ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8%, ಹೆಂಗಸರಲ್ಲಿ ಸುಮಾರು 0.5% ಮಂದಿಗೆ ಇದಿದೆ. ಸಂಬಂಧಪಟ್ಟ ಜೀನ್‌ಗಳು ಎಕ್ಸ್ ವರ್ಣತಂತುವಿನಲ್ಲಿವೆ. ಗಂಡಿಗೆ ಎಕ್ಸ್ ಒಂದೇ, ಅದು ಬರುವುದು ತಾಯಿಯಿಂದ. ತಾಯಿಗೆ ಎಲ್ಲ ಬಣ್ಣ ಸರಿಯಾಗಿ ಕಾಣುತ್ತಿದ್ದರೂ ಮಗನಿಗೆ ತೊಂದರೆ ಇರಬಹುದು.

ಎಲೆಗೆ ಕಂದು ಬಳಿದ ಹುಡುಗನನ್ನು ದಡ್ಡ ಎಂದು ಬೈಯುವ ಮೊದಲು ಈ ಸಾಧ್ಯತೆ ಯೋಚಿಸಬೇಕು. ಹುಟ್ಟಿನಿಂದ ಬಂದ ವರ್ಣಾಂಧತೆ ಕಣ್ಣಿನ ಡ್ರಾಪ್ಸ್, ಕ್ಯಾರೆಟ್ ಜ್ಯೂಸ್, ಕಣ್ಣಿನ ವ್ಯಾಯಾಮದಿಂದ ಹೋಗುವುದಿಲ್ಲ. ಆನ್‌ಲೈನಿನಲ್ಲಿ ಮಾರುವ ಬಣ್ಣದ ಕನ್ನಡಕಗಳು ಕೆಲವರಿಗೆ ಕೆಲವು ಬಣ್ಣಗಳ ವ್ಯತ್ಯಾಸ ಎದ್ದು ಕಾಣುವಂತೆ ಮಾಡಬಹುದು, ಇಲ್ಲದ ಕೋಶವನ್ನು ತಂದುಕೊಡಲಾರವು. ರೈಲು ಚಾಲಕರಂಥ ಹುದ್ದೆಗೆ ಬಣ್ಣದ ಪರೀಕ್ಷೆ ಕಡ್ಡಾಯ, ಆದ್ದರಿಂದ ಹತ್ತನೇ ತರಗತಿಗೆ ಮುಂಚೆಯೇ ತಿಳಿದಿದ್ದರೆ ಮುಂದಿನ ದಾರಿ ಆರಿಸಲು ಅನುಕೂಲ. ವಾಹನ ಓಡಿಸುವ ಲೈಸೆನ್ಸಿಗೆ ಅಷ್ಟು ಬಿಗಿಯಿಲ್ಲ: 2020ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಯಮ ಬದಲಿಸಿ, ಅಲ್ಪ ಮತ್ತು ಮಧ್ಯಮ ಪ್ರಮಾಣದ ವರ್ಣಾಂಧತೆ ಇರುವವರಿಗೂ ಅವಕಾಶ ಕೊಟ್ಟಿದೆ.

ಚುಕ್ಕೆಗಳ ನಡುವೆ ಅಂಕಿ ಅಡಗಿರುವ, ಕಾಣದಿದ್ದರೆ ವರ್ಣಾಂಧತೆ ಇದೆ ಎನ್ನುವ ಚಿತ್ರಗಳೂ ಫಾರ್ವರ್ಡ್ ಆಗುತ್ತವೆ. ಜಪಾನಿನ ಇಶಿಹಾರ 1917ರಲ್ಲಿ ಪ್ರಕಟಿಸಿದ ಪರೀಕ್ಷೆಯ ನಕಲುಗಳವು. ಮೂಲ ಪರೀಕ್ಷೆ ಇರುವುದು ಇಂಕಿನಲ್ಲಿ, ಅಳೆದು ಮುದ್ರಿಸಿದ ಕಾಗದದ ಮೇಲೆ. ಫೋನಿನಲ್ಲಿ ಬರುವುದು ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ, ಒಂದೊಂದು ಪರದೆಯಲ್ಲಿ ಒಂದೊಂದು ಛಾಯೆಯಲ್ಲಿ, ನೈಟ್ ಮೋಡ್ ಹಾಕಿದ್ದರೆ ಇನ್ನೊಂದು ಛಾಯೆಯಲ್ಲಿ. ಅದನ್ನು ನೋಡಿ ಮಗುವಿಗೆ ತೊಂದರೆ ಇದೆಯೆಂದೋ ಇಲ್ಲವೆಂದೋ ತೀರ್ಮಾನಿಸಬೇಡಿ. ಅನುಮಾನ ಬಂದರೆ ಕಣ್ಣಿನ ಡಾಕ್ಟರ ಹತ್ತಿರ ಪುಸ್ತಕ ಇಟ್ಟು ನೋಡಿಸಿ, ಕೆಲವೇ ನಿಮಿಷಗಳ ಕೆಲಸ.